ಕಡ ತಂದ ಏಡಿ

ಹದಿಮೂರು ದಿನ ಮನೆ ತುಂಬಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದ ಸದ್ದಿಗೆ ಜಯಲತಾ ಎದ್ದಳು. ಎದುರು ಬಿಲ್ಡಿಂಗಿನಲ್ಲಿ ಯಾರದೋ ರೇಡಿಯೋ ಮರಾಠಿಯಲ್ಲಿ ಸುದ್ದಿ ಹೇಳುತ್ತಿತ್ತು. ಕೆಳಗೆ ಡಬ್ಬಿ ಹಿಡಿದ ಗಂಡಸರು ಡೊಂಬಿವಲಿ ಸ್ಟೇಷನ್ನಿನ ಕಡೆಗೆ ಓಡುತ್ತಿದ್ದರು. ಹಾಲಿನವನು ಬಾಗಿಲಲ್ಲಿ ಎಂದಿನಂತೆ ಎರಡು ಬಾಟಲಿ ಇಟ್ಟು ಹೋಗಿದ್ದ. ಇನ್ನು ಒಂದೇ ಸಾಕೆಂದು ಅವನಿಗೆ ಹೇಳಬೇಕು ಅಂದುಕೊಂಡಳು. ಆಮೇಲೆ, ಅತ್ತೆ ಇದ್ದಾರಲ್ಲ, ಎರಡು ಬೇಕು ಅಂದುಕೊಂಡಳು.

ಬಾಟಲಿ ಎತ್ತಿಕೊಂಡು ತಿರುಗಿದಾಗ ಗ್ಯಾಲರಿ ಕಣ್ಣಿಗೆ ಬಿತ್ತು. ಗಂಡ ಹಯಗ್ರೀವನ ಗಾಜಿನ ಜಾಡಿಗಳನ್ನೆಲ್ಲ ತೊಳೆದು ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿದ್ದರು. ಬಿಸಿಲು ಬಿದ್ದು ಅವು ಹೊಸ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು.

ಅವಳ ಕೈಯಲ್ಲಿದ್ದ ಬಾಟಲಿಗಳು ಒಂದಕ್ಕೊಂದು ತಗುಲಿ ಟಿಣ್ ಎಂದವು.

ಹಯಗ್ರೀವ ಕಲ್ಯಾಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ. ಸಮುದ್ರ ಒಳನುಗ್ಗಿ ಬಂದ ಠಾಣೆಯ ಖಾಡಿಯಲ್ಲಿ ಎಷ್ಟು ಬಗೆಯ ಏಡಿಗಳಿವೆ ಎಂಬುದು ಅವನ ಪಿಎಚ್.ಡಿ. ವಿಷಯ. ಹಿಡಿದು ತಂದದ್ದನ್ನು ಫಾರ್ಮಲಿನ್ನಿನಲ್ಲಿ ಅದ್ದಿ, ಆಮೇಲೆ ಸ್ಪಿರಿಟ್ ಹಾಕಿದ ಜಾಡಿಯಲ್ಲಿ ಇಡುತ್ತಿದ್ದ. ಯಾವುದು, ಎಲ್ಲಿಯದು, ಎಂದು ಹಿಡಿದದ್ದು ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಜಾಡಿಯ ಒಳಗೇ ಹಾಕುವುದು ಪದ್ಧತಿ. ಹೊರಗೆ ಅಂಟಿಸಿದ್ದು ಉದುರಿಹೋದೀತು, ಶಾಯಿಯಾದರೆ ಕರಗೀತು. ಜಯಲತಾಳೂ ಅವನ ಜೊತೆಯಲ್ಲೇ ಎಂ.ಎಸ್ಸಿ. ಓದಿದವಳು, ಅದು ಅವಳಿಗೂ ಗೊತ್ತು.

"ಅತ್ತೆ, ಜಾಡಿ ತೊಳೆದದ್ದು ಯಾರು?"

"ನಾನೇ," ಎಂದರು ಅತ್ತೆ, ಅಡಿಗೆಮನೆಯಿಂದ. "ಇಷ್ಟು ದಿನಕ್ಕೆ ನೀನು ಇವತ್ತು ಕಣ್ಣು ಮುಚ್ಚಿದ್ದಿ, ಎಬ್ಬಿಸಲಿಲ್ಲ. ಎಂತ ವಾಸನೆ ಮಾರಾಯ್ತಿ! ಇವನು ಇದರ ಎದುರು ಕೂತು ಹೇಗೆ ಊಟ ಮಾಡುತ್ತಿದ್ದನೋ."

"ಒಳಗಿದ್ದದ್ದು?"

"ಬಚ್ಚಲಲ್ಲಿ ಬಾಲ್ದಿಯಲ್ಲಿ ಉಂಟು. ಒಂಬತ್ತೂವರೆಗೆ ನಿನ್ನ ಚಿಕ್ಕಮಾವ ಪುಂಡರೀಕ ಬರ್ತಾನೆ. ಇವತ್ತು ಅಮಾವಾಸ್ಯೆ, ಮಧ್ಯಾಹ್ನಕ್ಕೆ ಖಾಡಿಯಲ್ಲಿ ನೀರು ತುಂಬ್ತದಂತೆ. ಬಿಟ್ಟು ಬರುವ."

ಜಯಲತಾ ಬಚ್ಚಲಿಗೆ ಹೋದಳು. ತಗಡಿನ ಬಾಲ್ದಿಯ ಮೇಲೆ ಹಳೆಯ ಪಂಚೆಯ ತುಂಡು ಮುಚ್ಚಿತ್ತು. ಅದನ್ನು ಎತ್ತಲು ಕೈ ಬರಲಿಲ್ಲ. ಹದಿಮೂರು ದಿನದ ಹಿಂದೆ ನಡುಮನೆಯಲ್ಲಿ ಇನ್ನೊಂದು ಬಿಳಿ ಬಟ್ಟೆ ಹೀಗೆಯೇ ಮುಚ್ಚಿತ್ತು. ಕೊನೆಗೆ ತುದಿ ಹಿಡಿದು ಎಳೆದಳು. ಕಾಲು, ಇಕ್ಕಳದಂಥ ಕೊಂಬು, ಬೆನ್ನು, ಕಡ್ಡಿಯ ತುದಿಯ ಕಣ್ಣು, ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡ ಬಿಳಿಚಿದ ಏಡಿಗಳು ಬಾಲ್ದಿಯ ಮುಕ್ಕಾಲು ತುಂಬಿದ್ದವು. ಒಂದು ಚೀಟಿಯೂ ಇರಲಿಲ್ಲ.

"ಕಾಗದ ಇತ್ತಲ್ಲ ಅತ್ತೆ, ಜಾಡಿಯೊಳಗೆ?"

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. "ಅಯ್ಯೋ, ಬಿಸಾಡಲಿಲ್ಲ. ಅವನ ಅಕ್ಷರ ಅಲ್ಲವಾ? ಮಂಚದ ಮೇಲೆ ಒಣಗಲಿಕ್ಕೆ ಹರಡಿದ್ದೇನೆ. ಒಂದೂ ಹರಿಯಲಿಲ್ಲ ನೋಡು. ಒಂದು ಏಡಿಗೆ ಚೀಟಿಯನ್ನು ಕಾಲಿಗೇ ದಾರದಲ್ಲಿ ಕಟ್ಟಿ ಬಿಟ್ಟಿದ್ದ. ಅದನ್ನು ಬಿಚ್ಚಿದೆ. ಬಿಡುಗಡೆಗೆ ಹೋಗುವ ಜೀವ, ಕಟ್ಟು ಇರಬಾರದು."

ಆ ದಾರ ಕಟ್ಟಿದ್ದು ಹಯಗ್ರೀವ ಅಲ್ಲ. ಆ ಏಡಿ ಅವನದೂ ಅಲ್ಲ.

ಹಿಂದಿನ ದಿನ ಹದಿಮೂರನೆಯ ಊಟಕ್ಕೆ ಮಹಾದೇವಪ್ಪ ಬಂದಿದ್ದರು. ಅವರು ಠಾಣೆಯ ಹಳೆಯ ಕಾಲೇಜೊಂದರ ಪ್ರಾಣಿ ಸಂಗ್ರಹವನ್ನು ನೋಡಿಕೊಳ್ಳುವವರು, ವಿಜಾಪುರದ ಕಡೆಯವರು. ಊಟ ಮಾಡಿದ್ದಕ್ಕಿಂತ ಎಲೆ ನೋಡಿದ್ದೇ ಹೆಚ್ಚು. ಕೈತೊಳೆಯುವ ಜಾಗದಲ್ಲಿ ಅವಳನ್ನು ಕಂಡು ದನಿ ತಗ್ಗಿಸಿದ್ದರು.

"ತಂಗೀ, ಇಂಥಾ ಹೊತ್ತಿನ್ಯಾಗ ಕೇಳಬಾರದು. ಸರ್ ಒಂದು ಏಡಿ ಒಯ್ದಾರ. ಬರಕೊಳ್ಳದನ ಕೊಟ್ಟೀನಿ, ಅವರ ಮ್ಯಾಲಿನ ಭರವಸಾಕ್ಕ. ಸೋಮವಾರ ಪುಣೇದಿಂದ ಸಂಗ್ರಹ ನೋಡಾಕ ಮಂದಿ ಬರ್ತಾರ. ಅದು ಅಲ್ಲಿ ಇಲ್ಲಂದ್ರ ನನ್ನ ನೌಕರಿ ಹೋಗತೈತಿ. ನನ್ನದು ಹೋಗ್ಲಿ ಬಿಡು. ಸರ್ ಕದ್ದಾರ ಅಂತಾರ. ಸತ್ತವರು ಬಂದು ಉತ್ತರಾ ಕೊಡಾಕ ಆಗಂಗಿಲ್ಲ."

"ನಾಳೆ ತಂದುಕೊಡುತ್ತೇನೆ," ಎಂದಿದ್ದಳು.

ಅದು ಹೆಬ್ಬೆರಳಿನ ಎರಡರಷ್ಟು ಅಗಲದ, ಚೌಕ ಬೆನ್ನಿನ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಏಡಿ. ಆ ಜಾತಿಗೆ ಮೊದಲು ಹೆಸರಿಟ್ಟಾಗ ಎದುರಿಗೆ ಇಟ್ಟುಕೊಂಡದ್ದು ಅದನ್ನೇ. ಇನ್ನು ಯಾರು ಯಾವ ದೇಶದಲ್ಲಿ ಅಂಥದೊಂದು ಹಿಡಿದರೂ ಅದರ ಪಕ್ಕ ಇಟ್ಟು ನೋಡಿ ಹೌದು ಅಥವಾ ಅಲ್ಲ ಎನ್ನಬೇಕು. ಹಯಗ್ರೀವನಿಗೆ ಖಾಡಿಯ ದಂಡೆಯ ನೆರೂಳಿನ ಕೆಸರಿನಲ್ಲಿ ಅಂಥದೇ ಒಂದು ಗಂಡು ಏಡಿ ಸಿಕ್ಕಿತ್ತು. ಅಂಥದೇ, ಆದರೆ ಬೇರೆ ಎಂದು ಅವನಿಗೆ ಅನಿಸಿತ್ತು. ಪಕ್ಕದಲ್ಲಿಟ್ಟು ನೋಡಲು ಹಳೆಯದನ್ನು ಕಡ ತಂದ. ನೋಡಿದವನು ಮಕ್ಕಳ ಹಾಗೆ ನಕ್ಕು, "ಬೇರೆಯೇ ಜಯಾ, ಆದರೆ ಒಂದರಿಂದ ಸಾಲದು, ಇನ್ನೊಂದು ಗಂಡು ಬೇಕು," ಎಂದ. ಇನ್ನೊಂದನ್ನು ಹುಡುಕಲು ಹುಣ್ಣಿಮೆಯ ದಿನ ಒಬ್ಬನೇ ನೆರೂಳಿಗೆ ಹೋದ. ಅಲ್ಲಿ ಆಗಿನ್ನೂ ಮನೆಗಳೆದ್ದಿರಲಿಲ್ಲ. ಗದ್ದೆ, ಉಪ್ಪಿನಾಗರ, ಕೆಸರು. ಸೊಂಟದವರೆಗೆ ಹೂತವನಿಗೆ ನೀರು ಏರುವಷ್ಟರಲ್ಲಿ ಮೇಲೆ ಬರಲಾಗಲಿಲ್ಲ. ಕೂಗಿದ್ದಿರಬೇಕು. ಮರುದಿನ ಉಪ್ಪಿನಾಗರದ ಕೆಲಸದವರು ಎಳೆದು ಹಾಕಿದರು. ಹೆಗಲ ಚೀಲದಲ್ಲಿದ್ದ ಅವನ ಚಿತ್ರದ ಪುಸ್ತಕ ಮುದ್ದೆಯಾಗಿತ್ತು. ಎರಡು ಏಡಿಗಳಿಗೆ ಏನು ವ್ಯತ್ಯಾಸ ಎಂಬುದು ಅದರೊಳಗೇ ಹೋಯಿತು.

"ಅತ್ತೆ, ಇದರಲ್ಲಿ ಒಂದು ಅವರದಲ್ಲ. ಠಾಣೆಯ ಕಾಲೇಜಿನಿಂದ ಕಡ ತಂದದ್ದು. ಅದನ್ನು ತೆಗೆದಿಡಬೇಕು."

ಅತ್ತೆಯ ಮುಖ ಬಣ್ಣಗೆಟ್ಟಿತು. "ಜಯಾ, ನೀನೂ ಅಲ್ಲಿ ಇದ್ದಿ. ಕಾಗೆಗೆ ಮಾತು ಕೊಟ್ಟಾಗಿದೆ."

ಅವಳು ಅಲ್ಲಿ ಇದ್ದದ್ದು ನಿಜ. ಹತ್ತನೆಯ ದಿನ ಕಲ್ಯಾಣದ ಖಾಡಿಯ ದಂಡೆಯಲ್ಲಿ ಪಿಂಡ ಇಟ್ಟಿದ್ದರು. ಕಾಗೆ ಎದುರಿನ ತಗಡಿನ ಮಾಡಿನ ಮೇಲೆ ಕೂತೇ ಇತ್ತು, ಇಳಿಯಲಿಲ್ಲ. ಕ್ರಿಯೆಗೆ ಕೂತವರು ಹಯಗ್ರೀವನ ಚಿಕ್ಕಪ್ಪ ಪುಂಡರೀಕಾಕ್ಷ, ಕಲ್ಯಾಣದಲ್ಲಿ ಹೋಟೆಲು ನಡೆಸುವವರು. ಅವರು ಕೈಮುಗಿದು, ನಿನ್ನ ತಾಯಿಯನ್ನು ನೋಡಿಕೊಳ್ಳುತ್ತೇನೆ ಎಂದರು. ಕಾಗೆ ಕೊಕ್ಕು ತೀಡಿಕೊಂಡಿತು. ಹೆಂಡತಿಗೆ ಯಾರೂ ತೊಂದರೆ ಕೊಡುವುದಿಲ್ಲ ಎಂದರು. ಅದು ಆ ಕಡೆ ತಿರುಗಿತು. ಬಿಸಿಲೇರಿತು. ಸೇರಿದವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆಗ ಅತ್ತೆ ಗಟ್ಟಿಯಾಗಿ ಹೇಳಿದರು: "ಮಗಾ, ನೀನು ಬಾಟಲಿಯಲ್ಲಿ ಹಾಕಿದ ಜೀವಗಳನ್ನೆಲ್ಲ ನೀರಿಗೆ ಬಿಡ್ತೇವೆ. ನಿನ್ನದು ಅಂತ ಒಂದನ್ನೂ ಇಟ್ಟುಕೊಳ್ಳುವುದಿಲ್ಲ."

ಕಾಗೆ ಇಳಿದು ಬಂದು ತಿಂದಿತು.

ಜಯಲತಾ ಅದನ್ನು ನಂಬುವವಳಲ್ಲ. ಹಸಿದ ಕಾಗೆ ಯಾವಾಗಲೋ ಒಮ್ಮೆ ಇಳಿದೇ ಇಳಿಯುತ್ತದೆ. ಆದರೆ ಅದು ಇಳಿದ ಗಳಿಗೆಯಲ್ಲಿ ಅವಳೂ ಕೈಮುಗಿದಿದ್ದಳು. ನಂಬಿಕೆ ಇರಲಿಲ್ಲ. ಹೆದರಿಕೆ ಇತ್ತು, ಈಗಲೂ ಇದೆ.

"ಅವರದು ಅಂತ ಇರುವುದನ್ನು ತಾನೇ ಬಿಡ್ತೇವೆ ಅಂದದ್ದು?" ಎಂದಳು. "ಬೇರೆಯವರದನ್ನು ಬಿಟ್ಟರೆ ಅವರ ತಲೆಯ ಮೇಲೆ ಋಣ ಉಳಿಯುವುದಿಲ್ಲವಾ?"

ಅತ್ತೆ ಪಂಚೆಯ ತುಂಡನ್ನು ನೆಲದಿಂದ ಎತ್ತಿ ಮಡಚಿದರು. "ಒಂದು," ಎಂದರು. "ಅವರದು ಒಂದು ತೆಗೆ. ಎರಡನೆಯದಕ್ಕೆ ಕೈ ಹಾಕಿದರೆ ನನ್ನ ಮಗನ ದಾರಿಗೆ ಅಡ್ಡ ನಿಂತವಳು ನೀನು. ಮತ್ತೆ ಆ ಮೀನಿನ ಮನೆಯ ಧೈರ್ಯ ಎಲ್ಲ ಇಲ್ಲಿ ತೋರಿಸಬೇಡ."

ಮಲ್ಪೆಯ ಅವಳ ತವರನ್ನು ಅತ್ತೆ ಸಿಟ್ಟು ಬಂದಾಗ ಮಾತ್ರ ನೆನೆಯುತ್ತಿದ್ದರು.

ಬಚ್ಚಲಿನ ನೆಲದ ಮೇಲೆ ಹಳೆಯ ಪೇಪರು ಹಾಸಿ ಜಯಲತಾ ಕುಕ್ಕರಗಾಲಲ್ಲಿ ಕೂತಳು. ಬಾಲ್ದಿಗೆ ಕೈ ಹಾಕಿದೊಡನೆ ಬೆರಳುಗಳಿಗೆ ಸ್ಪಿರಿಟ್ಟಿನ ಚಳಿ ಹತ್ತಿತು. ಒಂದು ಕೊಂಬು ಅವಳ ಬಳೆಯಿಲ್ಲದ ಮಣಿಕಟ್ಟಿಗೆ ತಗುಲಿಕೊಂಡಿತು. ಸತ್ತದ್ದು ಎಂದು ಗೊತ್ತಿದ್ದೂ ಕೈ ಕೊಡವಿದಳು.

ಮೊದಲು ಕುಲ ಬೇರೆ ಮಾಡಬೇಕು. ಕೊನೆಯ ಕಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾಗಿದ್ದರೆ ಈಜುವ ಏಡಿ, ಅವು ಒಂದು ಕಡೆ. ಒಂದೇ ಕೊಂಬು ದೊಡ್ಡದಾಗಿ, ಇನ್ನೊಂದು ಇದೆಯೋ ಇಲ್ಲವೋ ಎಂಬಂತಿದ್ದರೆ ದಂಡೆಯಲ್ಲಿ ಕೈ ಬೀಸುವ ಜಾತಿ, ಅವು ಇನ್ನೊಂದು ಕಡೆ. ಕಣ್ಣಿನ ಕಡ್ಡಿ ಉದ್ದವಿರುವ ಕೆಸರಿನವು ಗೋಡೆಯ ಹತ್ತಿರ. ಚೌಕ ಬೆನ್ನಿನವು ಅವಳ ಮೊಣಕಾಲಿನ ಮುಂದೆ. ಓದುವಾಗ ಇದು ಆಟದ ಹಾಗಿತ್ತು. ಅವಳೂ ಹಯಗ್ರೀವನೂ ಪಂದ್ಯ ಕಟ್ಟುತ್ತಿದ್ದರು, ಯಾರು ಬೇಗ ಹೇಳುತ್ತಾರೆಂದು. ಹೆಚ್ಚು ಸಲ ಅವಳೇ ಗೆದ್ದದ್ದು. "ತಿಂದು ಬೆಳೆದವಳು, ನಿನಗೆ ಮೋಸದ ಅನುಕೂಲ ಉಂಟು," ಎನ್ನುತ್ತಿದ್ದ.

ಈಗ ಹೇಳಿದ್ದು ತಪ್ಪಾದರೆ ತಿದ್ದಲು ಯಾರೂ ಇಲ್ಲ. ತಪ್ಪು ಏಡಿಯ ಕಾಲಿಗೆ ಆ ದಾರ ಕಟ್ಟಿ ಕೊಟ್ಟರೆ ಮಹಾದೇವಪ್ಪ ಅದನ್ನು ಕಪಾಟಿನಲ್ಲಿಡುತ್ತಾರೆ. ಅವರು ನೋಡುವುದು ಚೀಟಿಯನ್ನು, ಏಡಿಯನ್ನಲ್ಲ. ಪುಣೆಯವರೂ ಚೀಟಿಯನ್ನೇ ನೋಡಿ ಹೋಗುತ್ತಾರೆ. ಆಮೇಲೆ ಆ ಸುಳ್ಳೇ ಅಳತೆಗೋಲು. ಮುಂದೆ ಯಾರು ಯಾವ ಏಡಿ ತಂದು ಪಕ್ಕದಲ್ಲಿಟ್ಟರೂ ಆ ಸುಳ್ಳಿನ ಜೊತೆಗೇ ಹೋಲಿಸುತ್ತಾರೆ. ಅವಳು ಸತ್ತ ಮೇಲೂ.

ಚೌಕ ಬೆನ್ನಿನವುಗಳನ್ನು ಅಂಗಾತ ಹಾಕಿದಳು. ಹೊಟ್ಟೆಯ ಮೇಲಿನ ಮಡಿಕೆ ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು. ಹೆಣ್ಣುಗಳನ್ನು ತೆಗೆದಿಟ್ಟಳು. ಬೆನ್ನಿನ ಅಂಚಿನ ಹಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಹೊಂದದವುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಉಳಿದದ್ದು ಎರಡು.

ಎರಡೂ ಒಂದೇ ಅಳತೆ. ಎರಡೂ ಸ್ಪಿರಿಟ್ಟಿನಲ್ಲಿ ಬಣ್ಣ ಕಳೆದುಕೊಂಡು ಹಳೆಯ ಮೇಣದ ಹಾಗೆ ಆಗಿದ್ದವು. ಒಂದು ಕಡ ತಂದದ್ದು. ಇನ್ನೊಂದು ಹಯಗ್ರೀವ ಹಿಡಿದದ್ದು.

"ಗಂಟೆ ಎಂಟಾಯಿತು," ಎಂದರು ಅತ್ತೆ ಹೊರಗಿನಿಂದ.

ಗಂಡು ಏಡಿಯ ಮಡಿಕೆಯನ್ನು ಎತ್ತಿದರೆ ಅದರ ಕೆಳಗೆ ಎರಡು ಸಣ್ಣ ಕಡ್ಡಿಗಳಿರುತ್ತವೆ. ಹೆಣ್ಣಿಗೆ ಬೀಜ ಮುಟ್ಟಿಸುವ ಅಂಗ ಅದು. ಹೊರಗೆ ಅವಳಿಜವಳಿಯಂತಿರುವ ಜಾತಿಗಳು ಕೂಡ ಅಲ್ಲಿ ಬೇರೆಯಾಗುತ್ತವೆ. ಸೂಜಿಯಿಂದ ಮಡಿಕೆ ಎತ್ತಿ ನೋಡಿದಳು. ಒಂದರ ಕಡ್ಡಿಯ ತುದಿ ನೇರ. ಇನ್ನೊಂದರದು ಹೊರಕ್ಕೆ ಕೊಕ್ಕೆಯಂತೆ ಬಾಗಿತ್ತು. ಮತ್ತೆ ನೋಡಿದಳು. ಕನ್ನಡಿ ಒರೆಸಿ ಇನ್ನೊಮ್ಮೆ ನೋಡಿದಳು. ಬೇರೆಯೇ. ಹಯಗ್ರೀವ ಹೇಳಿದ್ದು ನಿಜವಾಗಿತ್ತು. ಆ ನಿಜವನ್ನು ಬಲ್ಲವಳು ಈಗ ಅವಳೊಬ್ಬಳೇ.

ಆದರೆ ನೇರ ಯಾರದು, ಕೊಕ್ಕೆ ಯಾರದು? ಆ ಜಾತಿಗೆ ಮೊದಲು ಹೆಸರಿಟ್ಟ ಹಳೆಯ ಜರ್ಮನ್ ವರ್ಣನೆಯಲ್ಲಿ ಆ ಅಂಗದ ಮಾತೇ ಇರಲಿಲ್ಲ. ಆ ಕಾಲದಲ್ಲಿ ಅದನ್ನು ಯಾರೂ ನೋಡುತ್ತಿರಲಿಲ್ಲ. ದಾರ ಕಟ್ಟಿದ್ದ ಗುರುತಿಗಾಗಿ ಕಾಲುಗಳನ್ನು ತಡವಿದಳು. ಎರಡರ ಕಾಲೂ ನುಣುಪು. ಮೂಸಿದಳು. ಎಲ್ಲ ಒಂದೇ ಬಾಲ್ದಿಯಲ್ಲಿ ನೆನೆದು ಒಂದೇ ವಾಸನೆ.

ಎರಡನ್ನೂ ಠಾಣೆಗೆ ಒಯ್ದುಬಿಡಲೇ ಎಂದು ಮನಸ್ಸು ಒಮ್ಮೆ ಬಾಗಿತು. ಚೀಲದಲ್ಲಿ ಅಡಗಿಸಿಕೊಂಡರೆ ಅತ್ತೆಗೆ ಹೇಗೆ ತಿಳಿಯಬೇಕು? ತಲೆ ಎತ್ತಿದಳು. ಅತ್ತೆ ಬಾಗಿಲಿನ ಹೊಸ್ತಿಲಿಗೆ ಬಂದು ಕೂತಿದ್ದರು. ಅವಳ ಕೈಯನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ. ಕಾಗೆ ಇಳಿಯುವ ಮುಂಚೆ ಇದ್ದ ಅದೇ ಹೆದರಿಕೆ ಇತ್ತು.

"ಇನ್ನೂ ಸಿಗಲಿಲ್ಲವಾ?"

"ಎರಡರಲ್ಲಿ ಒಂದು."

"ಹಾಗಾದರೆ ಯಾವುದೋ ಒಂದು ಕೊಡು. ಅವರಿಗೆ ಎಂತ ಗೊತ್ತಾಗ್ತದೆ?"

"ಗೊತ್ತಾಗುವುದಿಲ್ಲ ಅತ್ತೆ. ಅದಕ್ಕೇ."

ಮತ್ತೆ ನೋಡಲು ಹೋದಾಗ ಸೂಜಿ ಜಾರಿ ಮಡಿಕೆಯ ಮೂಲೆಗೆ ಇಳಿಯಿತು. ಮೇಲೆ ತೆಗೆದಾಗ ತುದಿಯಲ್ಲಿ ಸಾಸಿವೆಯಷ್ಟು ಕೆಸರು. ಏಡಿಯ ಮೈಮೇಲಿನ ಕೊಳೆಯನ್ನು ಎಷ್ಟು ತೊಳೆದರೂ ಮಡಿಕೆಯ ಮೂಲೆಯಲ್ಲಿ, ಬಾಯಿಯ ಕೂದಲಿನಲ್ಲಿ ಅದು ಬದುಕಿದ್ದ ನೆಲ ಅಂಟಿಕೊಂಡಿರುತ್ತದೆ. ಅದು ಕೊಕ್ಕೆಯ ಏಡಿಯದು. ಪೇಪರಿನ ಅಂಚಿಗೆ ಒರೆಸಿದಳು. ಇನ್ನೊಂದರ ಮಡಿಕೆಯಿಂದಲೂ ಕೆದಕಿ ತೆಗೆದು ಪಕ್ಕದಲ್ಲಿ ಒರೆಸಿದಳು.

ನೇರ ತುದಿಯದರಿಂದ ಬಂದದ್ದು ಮಾಸಲು ಕಂದು, ಮರಳಿನ ಕಣ ಬೆರೆತದ್ದು. ಒಣಗುತ್ತ ಬಿಳಿಚಿತು. ಕೊಕ್ಕೆಯದರಿಂದ ಬಂದದ್ದು ಕಪ್ಪು. ಅದರ ಸುತ್ತ ಎಣ್ಣೆಯ ಉಂಗುರವೊಂದು ಪೇಪರಿನಲ್ಲಿ ಮೆಲ್ಲಗೆ ಹಬ್ಬಿತು.

ಆ ಕಪ್ಪು ಅವಳಿಗೆ ಗೊತ್ತಿತ್ತು. ಕೊನೆಯ ಸ್ನಾನ ಮಾಡಿಸುವಾಗ ಹಯಗ್ರೀವನ ಕಿವಿಯ ಹಿಂದೆ, ಉಗುರುಗಳ ಸಂದಿಯಲ್ಲಿ ಅದೇ ಇತ್ತು. ಅತ್ತೆ ಸೋಪು ಹಾಕಿ ತಿಕ್ಕಿದರು, ಸೀಗೆಪುಡಿ ಹಾಕಿ ತಿಕ್ಕಿದರು, ಹೋಗಲಿಲ್ಲ. ಠಾಣೆ ಬೇಲಾಪುರ ರಸ್ತೆಯ ಉದ್ದಕ್ಕೂ ಕಾರ್ಖಾನೆಗಳೆದ್ದ ಮೇಲಿನ ಕೆಸರು ಅದು. ಕಡ ತಂದ ಹಳೆಯ ಏಡಿಯನ್ನು ಹಿಡಿದಾಗ ಆ ಖಾಡಿಯ ದಂಡೆಯಲ್ಲಿ ಒಂದು ಚಿಮಣಿಯೂ ಇರಲಿಲ್ಲ.

ಸೂಜಿ ಕೆಳಗಿಟ್ಟು ಗೋಡೆಗೆ ಒರಗಿದಳು. ಕಣ್ಣು ಮುಚ್ಚಿದರೆ ಕಿವಿಯ ಹಿಂದಿನ ಕಪ್ಪೇ ಕಾಣಿಸಿತು.

"ಎಂತಾಯಿತು?" ಅತ್ತೆ ಎದ್ದು ಬಂದರು. ಪೇಪರಿನ ಮೇಲಿನ ಕಲೆಯನ್ನು ಬಗ್ಗಿ ನೋಡಿದರು. ಬೆರಳಿನಿಂದ ಆ ಕಪ್ಪನ್ನು ಮುಟ್ಟಿ, ಬೆರಳನ್ನು ಸೆರಗಿನಲ್ಲಿ ಒರೆಸದೆ ಹಾಗೆಯೇ ಮುಷ್ಟಿ ಕಟ್ಟಿಕೊಂಡರು.

"ಕಡ ತಂದದ್ದು ಇದು," ಎಂದು ನೇರ ತುದಿಯದನ್ನು ಜಯಲತಾ ಎತ್ತಿ ಹಿಡಿದಳು.

ಇನ್ನೊಂದು ಪೇಪರಿನ ಮೇಲೆ ಉಳಿಯಿತು. ಅದಕ್ಕೆ ಇನ್ನೂ ಹೆಸರಿರಲಿಲ್ಲ. ಒಂದು ಗಳಿಗೆ ಅವಳ ಕೈ ಅದರ ಮೇಲೆ ನಿಂತಿತು. ಆಮೇಲೆ ಮಿಕ್ಕವುಗಳೊಂದಿಗೆ ಅದನ್ನೂ ಎತ್ತಿ ಬಾಲ್ದಿಗೆ ಹಾಕಿದಳು.

ಪುಂಡರೀಕಾಕ್ಷ ಹೇಳಿದ ಹೊತ್ತಿಗೇ ಬಂದರು. ಬಾಲ್ದಿಯ ವಾಸನೆಗೆ ಮೂಗು ಮುಚ್ಚಿಕೊಂಡು, "ಅತ್ತಿಗೆ, ಇಲ್ಲೇ ಕೆಳಗೆ ಖಾಡಿಯ ದಂಡೆಯ ರೇತಿಬಂದರಿನಲ್ಲಿ ಬಿಟ್ಟರಾಗದಾ? ಎಲ್ಲ ಒಂದೇ ನೀರಲ್ಲವಾ?" ಎಂದರು.

"ಅವನು ಹೋದ ನೀರಿಗೇ," ಎಂದರು ಅತ್ತೆ.

ಠಾಣೆಯವರೆಗೆ ಲೋಕಲ್, ಅಲ್ಲಿಂದ ಬಸ್ಸು. ಕಂಡಕ್ಟರು ಬಾಲ್ದಿ ಕಂಡು ಹುಬ್ಬು ಗಂಟಿಕ್ಕಿ, ಅದರಲ್ಲೇನಿದೆ ಎಂದು ಕೇಳಿದ. "ಕಾಯ್ ಆಹೇ ತ್ಯಾತ್?"

"ನಿರ್ಮಾಲ್ಯ," ಎಂದರು ಪುಂಡರೀಕಾಕ್ಷ.

ಪಕ್ಕದಲ್ಲಿದ್ದ ಮುದುಕಿ ಕೈಮುಗಿದು ಕಾಲು ಮಡಚಿ ಜಾಗ ಬಿಟ್ಟಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಯಾವ ದೇವರದಪ್ಪ ಇದು," ಎಂದು ಮರಾಠಿಯಲ್ಲಿ ತನ್ನಷ್ಟಕ್ಕೆ ಗೊಣಗಿದಳು.

ನೆರೂಳಿನ ಬಳಿ ಇಳಿದು ಗದ್ದೆಯ ಬದುವಿನಲ್ಲಿ ನಡೆದರು. ಮುಂದೆ ಉಪ್ಪಿನಾಗರದ ಒಡ್ಡು, ಅದರ ಆಚೆ ಕೆಸರು. ಜಯಲತಾ ಇಲ್ಲಿಗೆ ಬಂದದ್ದು ಇದೇ ಮೊದಲು. ನೀರು ಸದ್ದಿಲ್ಲದೆ ಏರುತ್ತಿತ್ತು. ಒಂದು ಸಲ ನೋಡಿದಾಗ ಹೊರಗಿದ್ದ ಗಿಡದ ಬುಡ ಮತ್ತೆ ನೋಡಿದಾಗ ಇರಲಿಲ್ಲ. ಅಲ್ಲೆಲ್ಲೂ ಕೂಗು ಕೇಳುವಷ್ಟು ಹತ್ತಿರದಲ್ಲಿ ಮನುಷ್ಯರಿರಲಿಲ್ಲ.

ಅತ್ತೆ ಯಾರಿಗೂ ಹೇಳದೆ ಒಡ್ಡಿನಿಂದ ಇಳಿದುಬಿಟ್ಟರು. ಒಂದು ಹೆಜ್ಜೆಗೆ ಪಾದ, ಇನ್ನೊಂದಕ್ಕೆ ಮೀನಖಂಡ ಹೂತಿತು. ಕಾಲು ಕೀಳಲು ಹೋಗಿ ಮತ್ತಷ್ಟು ಇಳಿದರು. ತಿರುಗಿ ನೋಡಿದ ಅವರ ಬಾಯಿ ತೆರೆದಿತ್ತು, ದನಿ ಬರಲಿಲ್ಲ.

ಜಯಲತಾ ಒಡ್ಡಿನ ಮೇಲೆ ಹೊಟ್ಟೆಯಡಿಯಾಗಿ ಬಿದ್ದು ಅವರ ಎರಡೂ ತೋಳು ಹಿಡಿದಳು. ಅವಳ ಕಾಲುಗಳನ್ನು ಪುಂಡರೀಕಾಕ್ಷ ಹಿಡಿದರು. ಕೆಸರು ಬಿಡಲು ಮನಸ್ಸಿಲ್ಲದ ಹಾಗೆ ಎಳೆಯಿತು, ಆಮೇಲೆ ಪಚಕ್ಕೆಂದು ಬಿಟ್ಟಿತು. ಅತ್ತೆಯ ಒಂದು ಚಪ್ಪಲಿ ಅಲ್ಲೇ ಉಳಿಯಿತು.

"ಇಷ್ಟೇ ಆಳಕ್ಕೆ..." ಎಂದರು ಅತ್ತೆ. ಜಯಲತಾಳ ಮಣಿಕಟ್ಟನ್ನು ಬಿಡಲಿಲ್ಲ.

ನೀರು ಒಡ್ಡಿಗೆ ತಾಗಿದಾಗ ಬಾಲ್ದಿಯನ್ನು ಬಗ್ಗಿಸಿದ್ದು ಅವಳೇ. ಏಡಿಗಳು ಒಂದರ ಮೇಲೊಂದು ಜಾರಿ ಬಿದ್ದವು. ಕೆಲವು ಮುಳುಗಿದವು, ಕೆಲವು ಅಂಗಾತ ತೇಲಿ ಮೆಲ್ಲಗೆ ತಿರುಗಿದವು. ಕೊಕ್ಕೆಯದು ಯಾವುದೆಂದು ಹುಡುಕಬಾರದು ಎಂದುಕೊಂಡಿದ್ದಳು. ಆದರೂ ಕಣ್ಣು ಹುಡುಕಿತು. ಕಾಣಲಿಲ್ಲ.

"ಒಂದೂ ಅಲ್ಲಾಡಲಿಲ್ಲವಲ್ಲ," ಎಂದರು ಅತ್ತೆ, ಸಣ್ಣ ದನಿಯಲ್ಲಿ.

"ಅವು ಸತ್ತವು, ಅತ್ತೆ."

ವಾಪಸು ಠಾಣೆಗೆ ಬಂದಾಗ ಮೂರು ಗಂಟೆ ದಾಟಿತ್ತು. ಅತ್ತೆಯನ್ನು ಪುಂಡರೀಕಾಕ್ಷರ ಜೊತೆ ಡೊಂಬಿವಲಿಯ ಗಾಡಿ ಹತ್ತಿಸಿ ಜಯಲತಾ ಕಾಲೇಜಿನ ಕಡೆ ನಡೆದಳು. ಅತ್ತೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡೇ ಗಾಡಿ ಹತ್ತಿದ್ದರು. ತೆಗೆಯಿರಿ ಎಂದರೆ ತೆಗೆದಿರಲಿಲ್ಲ.

ಮಹಾದೇವಪ್ಪ ಸಂಗ್ರಹದ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಅವಳ ಸೀರೆಯ ಮುಂಭಾಗಕ್ಕೆ ಅಂಟಿದ್ದ ಕೆಸರು ನೋಡಿ ಒಳಗೆ ದಾರಿ ಬಿಟ್ಟರು. ಅವಳು ಚೀಲದಿಂದ ಜಾಡಿ ತೆಗೆದು ಮೇಜಿನ ಮೇಲಿಟ್ಟಳು. ಮನೆಯಿಂದ ಹೊರಡುವ ಮುಂಚೆಯೇ ಅದರ ಚೀಟಿಯನ್ನು ದಾರದಿಂದ ಏಡಿಯ ಕಾಲಿಗೆ ಕಟ್ಟಿದ್ದಳು. ಚೀಟಿ ಸ್ಪಿರಿಟ್ಟಿನಲ್ಲಿ ಅಲ್ಲಾಡುತ್ತಿತ್ತು.

"ಚೀಟಿ ಐತಿ," ಎಂದು ಮಹಾದೇವಪ್ಪ ಉಸಿರು ಬಿಟ್ಟರು. "ಸಾಕವ್ವ, ಬದುಕಿದೆ."

"ಏಡಿ ನೋಡಿ ಸರ್."

"ನಾ ಏನು ನೋಡಲಿ? ಎಲ್ಲಾ ಒಂದ ನಮೂನಿ ಕಾಣತಾವ ನನಗ. ನೀನು ನೋಡೀದಿ ಅಲ್ಲ?"

"ನೋಡಿದ್ದೇನೆ. ಇದೇ."

ಇನ್ನು ಅದನ್ನು ಯಾರೂ ಮರಳಿ ಕೇಳುವುದಿಲ್ಲ.

ಮಹಾದೇವಪ್ಪ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹೆಜ್ಜೆ ತೆಗೆದವರು ನಿಂತರು. "ಸರ್ ತಮ್ಮದೊಂದು ಬ್ಯಾರೆ ಐತಿ ಅಂತಿದ್ರು. ಇದ್ದರ ಕೊಡು ತಂಗಿ, ಅದನ್ನೂ ಇದರ ಬಾಜೂಕ ಇಡೂಣು. ಹೌದೋ ಅಲ್ಲೋ, ಮುಂದ ಯಾರರ ನೋಡ್ತಾರ."

"ಬೇರೆಯೇ ಇತ್ತು," ಎಂದಳು ಜಯಲತಾ. "ನೀರಿಗೆ ಬಿಟ್ಟೆವು."

ಮಹಾದೇವಪ್ಪ ಕಪಾಟು ತೆರೆದು, ಧೂಳಿನ ಮಧ್ಯೆ ದುಂಡಗೆ ಉಳಿದಿದ್ದ ಖಾಲಿ ಜಾಗದಲ್ಲಿ ಜಾಡಿಯನ್ನು ಇಟ್ಟು, ಚೀಟಿಯ ಅಕ್ಷರ ಹೊರಗೆ ಕಾಣುವ ಹಾಗೆ ತಿರುಗಿಸಿದರು.